ಆಷಾಢದ ಗಾಳಿ, ಬಳ್ಳಾರಿಯ ಟೆನ್ನಿಸ್

ಆಷಾಢದಲ್ಲಿ ಬಳ್ಳಾರಿಗೆ ಹೋಗಿದ್ದೀರಾ? ಮುಂಗಾರು ಪಶ್ಚಿಮ ಘಟ್ಟದಲ್ಲೇ ನೀರನ್ನೆಲ್ಲ ಸುರಿದು, ಇಲ್ಲಿಗೆ ಬರೀ ಗಾಳಿಯಾಗಿ ಬರುತ್ತದೆ. ಹರವಿದ ಸೀರೆ ಪಕ್ಕದ ಮನೆಯ ಮಾಳಿಗೆ ಸೇರುವ ಕಾಲ. ಹೊಸದಾಗಿ ಮದುವೆಯಾದ ಮಗಳು ತವರಿಗೆ ಬರುವ ಕಾಲವೂ ಇದೇ. ಕಾಲೇಜಿನಲ್ಲಿ ಟೆನ್ನಿಸ್ ಆಡಿದವಳು ಅಟ್ಟದಿಂದ ರ್ಯಾಕೆಟ್ ಇಳಿಸಿದಳೋ, ಮನೆಯವರ ಮಾತು ಸಿದ್ಧ: "ಈ ಗಾಳ್ಯಾಗ ಏನಾಡ್ತೀಯವ್ವಾ, ಸುಮ್ನಿರು!" ಆ ತಿಂಗಳು ಸುಮ್ಮನಿದ್ದರೆ ಆಟ ಅಲ್ಲಿಗೇ ಮುಗಿಯಿತು, ರ್ಯಾಕೆಟ್ ಗಂಡನ ಮನೆ ಕಾಣುವುದೇ ಇಲ್ಲ. ಅದಕ್ಕೇ ಗಾಳಿಯಲ್ಲಿ ಆಡುವುದನ್ನು ಕಲಿಯಬೇಕು. ಪಾಠ ಹೇಳುವ ಎರಡು ಊರು ಹತ್ತಿರದಲ್ಲೇ ಇವೆ, ಬನ್ನಿ.

ಬಳ್ಳಾರಿಯಿಂದ ಉತ್ತರಕ್ಕೆ ಸುಮಾರು 55 ಕಿಲೋಮೀಟರ್ ಹೋದರೆ ಸಿರುಗುಪ್ಪ. ತುಂಗಭದ್ರೆಯ ನೀರುಂಡ ಭತ್ತದ ಸೀಮೆ, ಬಯಲೋ ಬಯಲು. ಕೊಯ್ಲಿಗೆ ಈಗ ಯಂತ್ರಗಳು ಬಂದಿವೆ. ಆದರೂ ಕಣದಲ್ಲಿ ಮೊರ ಎತ್ತಿ ಭತ್ತ ತೂರಿದ ಹಿರಿಯ ಹೆಂಗಸರನ್ನು ಕೇಳಿ ನೋಡಿ. ಮೊದಲು ಗಾಳಿಯ ದಿಕ್ಕು ನೋಡು, ಆಮೇಲೆ ಮೊರ ಎತ್ತು ಅನ್ನುತ್ತಾರೆ. ಗಟ್ಟಿ ಕಾಳು ಕಾಲ ಬುಡಕ್ಕೆ, ಹೊಟ್ಟು ದೂರಕ್ಕೆ. ಟೆನ್ನಿಸ್ ಚೆಂಡು ಕಾಳಿನ ಜಾತಿ: ತೂಕ 56ರಿಂದ 59.4 ಗ್ರಾಂ. ಷಟಲ್ ಕಾಕ್ ಐದು ಗ್ರಾಂ ಆಸುಪಾಸಿನ ಹೊಟ್ಟು! ಆದ್ದರಿಂದ ಆಟಕ್ಕೆ ಮುಂಚೆ ಚಿಟಿಕೆ ಮಣ್ಣು ತೂರಿ ದಿಕ್ಕು ತಿಳಿಯಿರಿ.

ಬರುವಾಗ ಕುರುಗೋಡಿಗೆ ಬನ್ನಿ. ದೊಡ್ಡಬಸವೇಶ್ವರ ಗುಡಿಯಲ್ಲಿ ಏಕಶಿಲೆಯ ಬಸವಣ್ಣನಿಗೆ ಕೈಮುಗಿದು ಹೊರಗೆ ನಿಲ್ಲಿ. ಸುತ್ತ ಬಂಡೆಗುಡ್ಡಗಳು. ಗುಡ್ಡದ ಮರೆಯಲ್ಲಿ ಗಾಳಿ ಇಲ್ಲವೆನ್ನುವಷ್ಟರಲ್ಲಿ ಇನ್ನೊಂದು ಮಗ್ಗುಲಿಂದ ರಪ್ಪನೆ ಹೊಡೆಯುತ್ತದೆ. ಬಳ್ಳಾರಿಯ ಕಟ್ಟಡಗಳ ನಡುವೆಯೂ ಇದೇ ಕತೆ. ಹೀಗಾಗಿ ಚೆಂಡು ಬರುವ ಜಾಗ ಗೊತ್ತಾಯಿತೆಂದು ನಿಂತುಬಿಡಬೇಡಿ. ಸಣ್ಣ ಸಣ್ಣ ಹೆಜ್ಜೆ ಹಾಕುತ್ತ, ಕೊನೆಯ ಕ್ಷಣದವರೆಗೂ ಕಣ್ಣಿಟ್ಟಿರಿ.

ಇನ್ನು ಬಳ್ಳಾರಿಯ ಅಂಗಳಕ್ಕೆ ಇಳಿಯೋಣ. ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಟೆನ್ನಿಸ್ ಕೋರ್ಟನ್ನು ಸಾಮಾನ್ಯವಾಗಿ ಉತ್ತರ-ದಕ್ಷಿಣವಾಗಿ ಹಾಕುತ್ತಾರೆ. ಆಷಾಢದ ಗಾಳಿಯೋ ಪಶ್ಚಿಮ, ನೈರುತ್ಯದ್ದು, ಅಡ್ಡಡ್ಡ ಬೀಸುತ್ತದೆ. ಪೂರ್ವದ ಗೆರೆಗೆ ಗುರಿಯಿಟ್ಟರೆ ಚೆಂಡು ಹೊರಗೆ ಹೋಯಿತೆಂದೇ ತಿಳಿಯಿರಿ. ಗೆರೆಯಿಂದ ಎರಡು ಮೂರು ಅಡಿ ಒಳಗೆ, ಪಶ್ಚಿಮದ ಕಡೆಗೇ ಹೊಡೆಯಿರಿ. ಸರ್ವಿಸ್ ಮಾಡುವಾಗ ಚೆಂಡನ್ನು ಬಹಳ ಮೇಲೆ ಎಸೆಯಬೇಡಿ. ಗಾಳಿ ಬೆನ್ನಿಗಿದ್ದರೆ ಹೊಡೆತ ಸ್ವಲ್ಪ ಗಿಡ್ಡವಿರಲಿ. ಎದುರಿಗಿದ್ದರೆ ಬಲೆಯ ಮೇಲೆ ಎತ್ತರಿಸಿ ಬಲವಾಗಿ ಹೊಡೆಯಿರಿ. ಎದುರುಗಾಳಿಯಲ್ಲಿ ಬಲೆಯ ಹತ್ತಿರ ಮೆಲ್ಲಗೆ ಬೀಳಿಸಿದ ಚೆಂಡು ಅಲ್ಲೇ ಸಾಯುತ್ತದೆ, ಅದೂ ಒಂದು ಉಪಾಯ!

ಹೊತ್ತೇರಿದಂತೆ ಗಾಳಿಯೂ ಏರುತ್ತದೆ. ಬೆಳಿಗ್ಗೆ ಆರಕ್ಕೇ ಹೊರಡಿ. ಜಡೆ ಬಿಗಿಯಾಗಿ ಕಟ್ಟಿ, ಧೂಳಿಗೆ ತಲೆಗೊಂದು ವಸ್ತ್ರ, ಜತೆಗೆ ನೀರು.

ಮನೆಯಲ್ಲಿ ಮತ್ತೆ "ಗಾಳಿ" ಎಂದರೆ ಟೆನ್ನಿಸಿನ ಒಂದು ನಿಯಮ ಹೇಳಿ. ಒಂದನೆಯ, ಮೂರನೆಯ, ಐದನೆಯ ಗೇಮ್ ಮುಗಿದಾಗ ಆಟಗಾರರು ಬದಿ ಬದಲಿಸಬೇಕು. ಒಬ್ಬರಿಗೇ ಬಿಸಿಲು, ಒಬ್ಬರಿಗೇ ಎದುರುಗಾಳಿ ಆಗಬಾರದಲ್ಲ! ಗಾಳಿ ಇಬ್ಬರಿಗೂ ಸಮಪಾಲು. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಮಾಡಿದವರು ನಾವೇ ಅಲ್ಲವೇ? ಶ್ರಾವಣದಲ್ಲಿ ಗಂಡನ ಮನೆಗೆ ಹೊರಡುವಾಗ ಸೀರೆಗಳ ಜತೆ ರ್ಯಾಕೆಟ್ಟೂ ಪೆಟ್ಟಿಗೆಯಲ್ಲಿರಲಿ.