ಬೆಟ್ಟ ನೋಡೋಕೆ ಯಾರು ಹೋಗ್ತಾರೆ, ಹೊರೆ ಯಾರು ಹೊರ್ತಾರೆ

ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಕೊನೆಯಲ್ಲಿ ಒಂದು ಕೆಲಸವನ್ನೂ ಹೇಳ್ತೀನಿ.

ಸಾಯುವ ಮುನ್ನ ನೋಡಲೇಬೇಕಾದ ಜಗತ್ತಿನ ಹತ್ತು ಸುಂದರ ಪರ್ವತಶ್ರೇಣಿಗಳು ಅನ್ನೋ ಪಟ್ಟಿ ಈ ವಾರ ಮೂರು ಗುಂಪುಗಳಿಂದ ನನ್ನ ಫೋನಿಗೆ ಬಂತು. ಹಿಮಾಲಯ, ಆಂಡೀಸ್, ಆಲ್ಪ್ಸ್, ರಾಕಿ, ಸಿಯೆರಾ ನೆವಾಡಾ ಹೀಗೆ. ಫೋಟೋಗಳು ಚೆನ್ನಾಗಿವೆ, ಸುಳ್ಳು ಯಾಕೆ ಹೇಳಲಿ. ಹಿಮದ ಮೇಲೆ ಬೆಳಗಿನ ಬಿಸಿಲು ಬಿದ್ದಿರೋದನ್ನ ನೋಡಿ ನಾನೂ ಎರಡು ನಿಮಿಷ ಫೈಲು ಪಕ್ಕಕ್ಕಿಟ್ಟೆ. ಆದರೆ ಒಂದು ಗಮನಿಸಿ. ಹತ್ತು ಫೋಟೋದಲ್ಲೂ ಆ ಬೆಟ್ಟದ ಮನುಷ್ಯ ಅಂತ ಒಬ್ಬನೂ ಇಲ್ಲ. ಕಂಡರೆ ಕೆಂಪು ಜಾಕೆಟ್ ಹಾಕ್ಕೊಂಡು, ನಮಗೆ ಬೆನ್ನು ತೋರಿಸಿ, ಕೈ ಅಗಲಿಸಿ ನಿಂತಿರೋ ಒಬ್ಬ ಪ್ರವಾಸಿ. ಪಕ್ಕದಲ್ಲಿ ಒಂದು ಟೆಂಟು. ಆ ಟೆಂಟು ಅಲ್ಲಿಗೆ ನಡ್ಕೊಂಡು ಬಂತಾ? ಇಡೀ ದಿನ ಬಿಲ್ಲು, ವೋಚರ್ ನೋಡೋ ಕೆಲಸ ನನ್ನದು. ಹೊತ್ತವರ ಕೂಲಿ ಯಾವ ಸಾಲಿನಲ್ಲಿ ಬರೆದಿದೆ ಅಂತ ಹುಡುಕೋದು ಚಾಳಿಯಾಗಿಬಿಟ್ಟಿದೆ.

ಹಿಮಾಲಯದ್ದೇ ನೋಡೋಣ. ಪಟ್ಟಿಯಲ್ಲಿ ಮೊದಲನೆಯದು ಅದೇ.

ಜಗತ್ತಿನ ಅತಿ ಎತ್ತರದ ಶಿಖರಕ್ಕೆ ನೇಪಾಳಿಗಳು ಸಾಗರಮಾಥಾ ಅಂತಾರೆ, ಟಿಬೆಟಿನವರು ಚೊಮೊಲುಂಗ್ಮಾ ಅಂತಾರೆ. ಬ್ರಿಟಿಷರ ಸರ್ವೆ ಇಲಾಖೆಗೆ ಅದು ಬರೀ ಹದಿನೈದನೇ ನಂಬರಿನ ಶಿಖರ. 1852ರಲ್ಲಿ ಅದೇ ಎಲ್ಲಕ್ಕಿಂತ ಎತ್ತರ ಅಂತ ಲೆಕ್ಕ ಹಾಕಿದ್ದಕ್ಕೆ ಬಂಗಾಳದ ರಾಧಾನಾಥ ಸಿಕ್ದರ್ ಅನ್ನೋ ಗಣಿತಜ್ಞರ ಹೆಸರು ಹೇಳ್ತಾರೆ. 1865ರಲ್ಲಿ ಶಿಖರಕ್ಕೆ ಇಟ್ಟದ್ದು ಮಾತ್ರ ಯಾವಾಗಲೋ ನಿವೃತ್ತಿಯಾಗಿ ಇಂಗ್ಲೆಂಡಿಗೆ ಹೋಗಿದ್ದ ದೊಡ್ಡ ಸಾಹೇಬ ಜಾರ್ಜ್ ಎವರೆಸ್ಟ್‌ನ ಹೆಸರು. ನಮ್ಮ ಆಫೀಸುಗಳಲ್ಲಿ ಇವತ್ತಿಗೂ ಹೀಗೇ ಅಲ್ವಾ? ಟಿಪ್ಪಣಿ ಬರೆಯೋರು ಒಬ್ಬರು, ಫೋಟೋದಲ್ಲಿ ಮುಂದೆ ನಿಲ್ಲೋರು ಇನ್ನೊಬ್ಬರು.

ಇನ್ನೊಂದು ಇಸವಿ ನೆನಪಿಟ್ಟುಕೊಳ್ಳಿ. 1854. ಶಿಖರದ ಎತ್ತರ ಲೆಕ್ಕವಾದ ಎರಡೇ ವರ್ಷಕ್ಕೆ ನೇಪಾಳದ ರಾಣಾ ಅರಸರು ಮುಲುಕಿ ಐನ್ ಅನ್ನೋ ಕಾನೂನು ಮಾಡಿ, ಯಾವ ಜಾತಿ ಮೇಲೆ, ಯಾವುದು ಮುಟ್ಟಬಾರದ್ದು ಅಂತ ಬರವಣಿಗೆಯಲ್ಲೇ ಇಟ್ಟರು. ಕಬ್ಬಿಣ ಬಡಿಯೋ ಕಾಮಿ, ಚಪ್ಪಲಿ ಹೊಲಿಯೋ ಸಾರ್ಕಿ, ಬಟ್ಟೆ ಹೊಲಿಯೋ ದಮಾಯಿ ಎಲ್ಲರೂ ತಳಕ್ಕೆ. 1963ರಲ್ಲಿ ಹೊಸ ಕಾನೂನು ಬಂದು ಇದು ಹೋಯಿತು, ಕಾಗದದ ಮೇಲೆ. ಎವರೆಸ್ಟಿನ ಬುಡದ ಶೆರ್ಪಾ ಊರುಗಳಲ್ಲೂ ಕಾಮಿಗಳನ್ನ ಕೀಳಾಗಿಯೇ ಇಟ್ಟಿದ್ದರು. ಶೆರ್ಪಾಗಳಿಗೆ ಅನ್ಯಾಯ ಆಗಿದೆ ಅಂತ ಮುಂದೆ ಹೇಳೋನಿದ್ದೀನಿ. ಅದಕ್ಕೇ ಇದನ್ನ ಮುಚ್ಚಿಡದೆ ಮೊದಲೇ ಹೇಳಿಬಿಟ್ಟೆ. ಮೆಟ್ಟಿಲು ಮೆಟ್ಟಿಲಾಗಿ ಇರೋದೇ ಜಾತಿ ಅಂತ ಬಾಬಾಸಾಹೇಬರು ತೋರಿಸಿಕೊಟ್ಟದ್ದು ಹಿಮಾಲಯದ ಮೇಲೂ ಸುಳ್ಳಾಗಲ್ಲ.

ತೇನ್‌ಸಿಂಗ್ ನೋರ್ಗೆ ಎವರೆಸ್ಟಿಗೆ ಮೊದಲ ಸಲ ಹೋದದ್ದು 1935ರಲ್ಲಿ, ಬ್ರಿಟಿಷ್ ತಂಡವೊಂದರ ಹಮಾಲಿಯಾಗಿ. 1953ರ ಮೇ 29ಕ್ಕೆ ಎಡ್ಮಂಡ್ ಹಿಲರಿ ಜೊತೆ ತುದಿ ಮುಟ್ಟಿದರು. ನ್ಯೂಜಿಲೆಂಡಿನ ಹಿಲರಿಗೆ 'ಸರ್' ಪದವಿ ಸಿಕ್ಕಿತು. ತೇನ್‌ಸಿಂಗ್‌ಗೆ ಜಾರ್ಜ್ ಮೆಡಲ್. ಒಂದೇ ಹಗ್ಗ, ಒಂದೇ ಶಿಖರ, ಒಂದೇ ದಿನ!

ಈಗ 2014ಕ್ಕೆ ಬನ್ನಿ. ಏಪ್ರಿಲ್ 18ರ ಬೆಳಗ್ಗೆ ನೇಪಾಳದ ಕಡೆಯ ಖುಂಬು ಹಿಮಪಾತದ ದಾರಿಯಲ್ಲಿ ಹಿಮಬಂಡೆ ಕುಸಿದು 16 ಜನ ನೇಪಾಳಿ ಕೆಲಸಗಾರರು ಸತ್ತರು. ಹೆಚ್ಚಿನವರು ಶೆರ್ಪಾಗಳು. ಅವರು ತುದಿ ಮುಟ್ಟೋಕೆ ಹೊರಟವರಲ್ಲ. ದುಡ್ಡು ಕಟ್ಟಿದ ಗಿರಾಕಿಗಳಿಗೋಸ್ಕರ ಟೆಂಟು, ಹಗ್ಗ, ಅಡುಗೆ ಸಾಮಾನು ಮೇಲಿನ ಕ್ಯಾಂಪುಗಳಿಗೆ ಸಾಗಿಸ್ತಿದ್ದವರು. ಆ ಹಿಮದ ದಾರಿಯನ್ನ ಗಿರಾಕಿ ಒಂದು ಋತುವಿನಲ್ಲಿ ನಾಲ್ಕಾರು ಸಲ ದಾಟಿದರೆ ಹೆಚ್ಚು. ಹೊರೆಯವರು ಮತ್ತೆ ಮತ್ತೆ ದಾಟಬೇಕು. ಮೂವರ ಹೆಣ ಸಿಗಲೇ ಇಲ್ಲ. ಸರ್ಕಾರ ಮೊದಲು ಘೋಷಿಸಿದ್ದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ನಮ್ಮ ದುಡ್ಡಲ್ಲಿ 25,000. ಅದೇ ವರ್ಷ ದೊಡ್ಡ ತಂಡದಲ್ಲಿ ಹತ್ತೋ ವಿದೇಶಿಯೊಬ್ಬರ ಪರವಾನಗಿಗೇ 10,000 ಡಾಲರ್ ಬೀಳ್ತಿತ್ತು. ಗೈಡು, ಊಟ, ಆಮ್ಲಜನಕದ ಸಿಲಿಂಡರ್ ಎಲ್ಲ ಬೇರೆ. ಶೆರ್ಪಾಗಳು ಸಿಟ್ಟಿಗೆದ್ದು ಕೆಲಸ ನಿಲ್ಲಿಸಿದರು. ಆ ವರ್ಷ ನೇಪಾಳದ ಕಡೆಯಿಂದ ಹತ್ತೋದು ಹೆಚ್ಚುಕಮ್ಮಿ ಬಂದ್ ಆಯಿತು. ಒಂದು ಕೂಲಿ ಮುಷ್ಕರ ಎವರೆಸ್ಟನ್ನೇ ಮುಚ್ಚಿಸಿತು ಅಂದರೆ ಸಣ್ಣ ಮಾತಾ? ಪ್ರವಾಸದ ಪಟ್ಟಿಯಲ್ಲಿ ಈ ಮಾತು ಬರಲ್ಲ, ಬಿಡಿ.

ಅದೇ 2014ರ ಮೇ 25. ಗುಡ್ಡದ ಇನ್ನೊಂದು ಮಗ್ಗುಲು, ಟಿಬೆಟಿನ ಕಡೆಯಿಂದ, ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಪಾಕಾಲ ಅನ್ನೋ ಊರಿನ ಲಂಬಾಣಿ ಹುಡುಗಿ ಮಾಲಾವತ್ ಪೂರ್ಣ ತುದಿ ಮುಟ್ಟಿದಳು. ವಯಸ್ಸು 13 ವರ್ಷ 11 ತಿಂಗಳು. ನೇಪಾಳದಲ್ಲಿ 16 ತುಂಬದವರಿಗೆ ಪರವಾನಗಿ ಕೊಡಲ್ಲ, ಅದಕ್ಕೇ ಟಿಬೆಟಿನ ದಾರಿ. ಅಪ್ಪ ಅಮ್ಮ ಹೊಲದ ಕೂಲಿ. ಜೊತೆಗಿದ್ದದ್ದು ಖಮ್ಮಂ ಜಿಲ್ಲೆಯ ದಲಿತ ಹುಡುಗ ಸಾಧನಪಲ್ಲಿ ಆನಂದ್ ಕುಮಾರ್. ಅವನಪ್ಪ ಸೈಕಲ್ ರಿಪೇರಿ ಮಾಡೋರು. ಇಬ್ಬರೂ ಓದ್ತಿದ್ದದ್ದು ಸರ್ಕಾರದ ಸಮಾಜ ಕಲ್ಯಾಣ ವಸತಿ ಶಾಲೆಗಳಲ್ಲಿ. (ಲಂಬಾಣಿಗಳು ಆ ಕಡೆ ಪರಿಶಿಷ್ಟ ಪಂಗಡ, ನಮ್ಮ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿ ದಾಟಿದರೆ ಪಟ್ಟಿ ಬದಲಾಗುತ್ತೆ, ತಾಂಡಾ ಬದಲಾಗಲ್ಲ.)

ಇದು ದೇವರ ಪವಾಡ ಅಲ್ಲ, ಆಡಳಿತದ ಕೆಲಸ. ಆ ವಸತಿ ಶಾಲೆಗಳ ಸೊಸೈಟಿಗೆ ಆಗ ಕಾರ್ಯದರ್ಶಿಯಾಗಿದ್ದವರು ಐಪಿಎಸ್ ಅಧಿಕಾರಿ ಆರ್.ಎಸ್. ಪ್ರವೀಣ್ ಕುಮಾರ್, ಸ್ವತಃ ದಲಿತರು. ನೂರಕ್ಕೂ ಹೆಚ್ಚು ಹಾಸ್ಟೆಲ್ ಮಕ್ಕಳನ್ನ ಮೊದಲು ಭುವನಗಿರಿಯ ಬಂಡೆ ಹತ್ತಿಸಿದರು. ನಮ್ಮ ಮಧುಗಿರಿ, ಸಾವನದುರ್ಗದ ಥರದ್ದೇ ಒಂದು ಬೋಳು ಬಂಡೆ ಅದು. ಅಲ್ಲಿ ಆರಿಸಿದವರನ್ನ ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಗೆ ಕಳಿಸಿದರು. 1954ರಲ್ಲಿ ಶುರುವಾದ ಸಂಸ್ಥೆ, ಹತ್ತೋದು ಕಲಿಸೋಕೆ ಮೊದಲು ನಿಂತವರು ಅದೇ ತೇನ್‌ಸಿಂಗ್. ಆಮೇಲೆ ಚಳಿಗಾಲದ ಲಡಾಖ್. ಕೊನೆಗೆ ಉಳಿದದ್ದು ಇಬ್ಬರು. ತುದಿಗೆ ಆ ಮಕ್ಕಳು ತ್ರಿವರ್ಣ ಧ್ವಜದ ಜೊತೆ ಬಾಬಾಸಾಹೇಬರ ಚಿತ್ರವನ್ನೂ, ಜೀತ ಬಿಡಿಸೋದಕ್ಕೆ ಬದುಕು ತೇದ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಅವರ ಚಿತ್ರವನ್ನೂ ಒಯ್ದಿದ್ದರು. 8,848 ಮೀಟರ್ ಎತ್ತರದಲ್ಲಿ ಅಂಬೇಡ್ಕರ್! ಆ ಸುದ್ದಿ ಓದಿದ ದಿನ ನಾನು ಊಟದ ಡಬ್ಬಿ ತೆಗೆಯೋದೇ ಮರೆತಿದ್ದೆ.

ಹದಿಮೂರರ ಹುಡುಗಿಯನ್ನ ಅಲ್ಲಿಗೆ ಕಳಿಸಬಹುದಾ ಅಂತ ಆಗ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. ದಾರಿಯಲ್ಲಿ ಹೆಣಗಳನ್ನ ನೋಡಿದ್ದಾಗಿ ಪೂರ್ಣಳೇ ಹೇಳಿಕೊಂಡಿದ್ದಾಳೆ. ನನ್ನ ಮಗಳನ್ನ ಕಳಿಸ್ತಿದ್ದೆನಾ ಅಂದರೆ ಇಲ್ಲ, ಎದೆ ಗಟ್ಟಿ ಇಲ್ಲ. ಆದರೆ ಇದೇ ಪ್ರಶ್ನೆಯನ್ನ ಇಟ್ಟಿಗೆ ಭಟ್ಟಿಯಲ್ಲಿ, ಹತ್ತಿ ಹೊಲದಲ್ಲಿ, ಕಬ್ಬಿನ ಗ್ಯಾಂಗಿನಲ್ಲಿ ಇರೋ ಹದಿಮೂರರ ಮಕ್ಕಳ ಬಗ್ಗೆ ಅಷ್ಟೇ ಜೋರಾಗಿ ಕೇಳಿದವರು ಎಷ್ಟು ಜನ? ಪೂರ್ಣ ಅಲ್ಲಿಗೇ ನಿಲ್ಲಲಿಲ್ಲ. ಆಫ್ರಿಕಾದ ಕಿಲಿಮಂಜಾರೋ, ಯುರೋಪಿನ ಎಲ್‌ಬ್ರುಸ್, ಆಂಡೀಸ್‌ನ ಅಕೊಂಕಾಗುವಾ, ಹೀಗೆ ಹತ್ತುತ್ತಾ 2022ರ ಜೂನ್‌ನಲ್ಲಿ ಅಲಾಸ್ಕಾದ ಡೆನಾಲಿಯೊಂದಿಗೆ ಏಳು ಖಂಡಗಳ ಏಳು ಎತ್ತರದ ಶಿಖರಗಳನ್ನ ಮುಗಿಸಿದಳು. ಆ ಪಟ್ಟಿಯ ಬೆಟ್ಟಗಳನ್ನ ಫೋನಿನಲ್ಲಿ ನೋಡಿದವಳಲ್ಲ, ಕಾಲಲ್ಲಿ ನೋಡಿದವಳು.

ಆಂಡೀಸ್ ಅಂದೆನಲ್ಲ, ಅಲ್ಲೂ ಇಂಥದ್ದೇ ಕಥೆ ಇದೆ. ಬೊಲಿವಿಯಾದ ಐಮಾರಾ ಮೂಲನಿವಾಸಿ ಹೆಂಗಸರು. ಅಗಲ ನೆರಿಗೆಯ ಲಂಗ ಉಟ್ಟು ಜಡೆ ಹಾಕಿಕೊಳ್ಳೋ ಇವರನ್ನ 'ಚೋಲಾ', 'ಚೋಲಿತಾ' ಅಂತ ಕರೀತಿದ್ದದ್ದು ಬೈಗುಳವಾಗಿ. ಇವರಲ್ಲಿ ಕೆಲವರು ಹಿಮದ ಬೆಟ್ಟಗಳ ಬೇಸ್ ಕ್ಯಾಂಪುಗಳಲ್ಲಿ ಪ್ರವಾಸಿಗಳಿಗೆ ಅಡುಗೆ ಮಾಡ್ತಾ, ಸಾಮಾನು ಹೊರ್ತಾ ಇದ್ದವರು. ಮೇಲಿಂದ ಇಳಿದವರು ಆಹಾ ಅಂತಿದ್ದರೆ ಇವರು ಪಾತ್ರೆ ತೊಳೀತಿದ್ದರು. ಅಲ್ಲಿ ಏನಿದೆ ಅಂತ ನಾವೂ ನೋಡೇಬಿಡೋಣ ಅಂತ 2015ರಲ್ಲಿ ಒಂದು ಗುಂಪು 6,088 ಮೀಟರಿನ ವೈನಾ ಪೊಟೊಸಿ ಹತ್ತಿತು. 2019ರ ಜನವರಿಯಲ್ಲಿ ಐವರು 6,961 ಮೀಟರಿನ ಅಕೊಂಕಾಗುವಾ ಮುಗಿಸಿದರು. ಅದೇ ಲಂಗದಲ್ಲಿ! ಕಾಲಿಗೆ ಮುಳ್ಳಿನ ಬೂಟು, ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ನಮ್ಮ ಹೆಂಗಸರು ಮಗು ಕಟ್ಟಿಕೊಳ್ಳೋ ಹಾಗೆ ಬಣ್ಣದ ಬಟ್ಟೆಯ ಗಂಟು. ಆ ಬೈಗುಳವನ್ನೇ ಈಗ ಹೆಮ್ಮೆಯ ಹೆಸರು ಮಾಡಿಕೊಂಡಿದ್ದಾರೆ. ದಲಿತ ಅನ್ನೋ ಪದವನ್ನ ಎತ್ತಿ ಹಿಡಿದ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ.

ಪಕ್ಕದ ಪೆರುವಿನಲ್ಲಿ ಮಾಚು ಪಿಚುಗೆ ಹೋಗೋ ಇಂಕಾ ದಾರಿಯ ಹೊರೆಯವರಿಗೆ 2001ರಲ್ಲಿ ಕಾನೂನೇ ಬಂತು, 20 ಕೆ.ಜಿ.ಗಿಂತ ಹೆಚ್ಚು ಹೊರಿಸುವಂತಿಲ್ಲ ಅಂತ. ದಾರಿಯ ಬಾಯಲ್ಲಿ ತೂಕ ಹಾಕ್ತಾರೆ. ನಮ್ಮ ಎಪಿಎಂಸಿ ಯಾರ್ಡಿನ ಹಮಾಲಿ ಅಣ್ಣಂದಿರಿಗೆ ಇದನ್ನ ಹೇಳಿ ನೋಡಿ, ನಗ್ತಾರೆ.

ಅಮೆರಿಕದ ಸಿಯೆರಾ ನೆವಾಡಾದ್ದು ನಗೋ ಕಥೆಯಲ್ಲ. ಅಲ್ಲಿನ ಯೊಸೆಮಿಟಿ ಕಣಿವೆಯ ಫೋಟೋ ಇಲ್ಲದ ಪಟ್ಟಿಯೇ ಇಲ್ಲ. 1851ರಲ್ಲಿ ಮಾರಿಪೋಸಾ ಅನ್ನೋ ಸಶಸ್ತ್ರ ಪಡೆ ಆ ಕಣಿವೆಗೆ ನುಗ್ಗಿ, ಅಹ್ವಾನೀಚಿ ಜನರ ಗುಡಿಸಲು, ಕೂಡಿಟ್ಟ ಕಾಳುಕಡ್ಡಿಗೆ ಬೆಂಕಿ ಇಟ್ಟು ಓಡಿಸಿತು. 1890ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಅಳಿದುಳಿದವರ ಕೊನೆಯ ಮನೆಗಳನ್ನ 1969ರಲ್ಲಿ ಅಗ್ನಿಶಾಮಕ ತಾಲೀಮಿಗೆ ಅಂತ ಸುಟ್ಟರು. ನಿರ್ಜನ, ಪ್ರಶಾಂತ ಕಣಿವೆ ಅಂತ ಬರೀತಾರಲ್ಲ, ನಿರ್ಜನ ಆದದ್ದು ಹೀಗೆ.

ನಮ್ಮ ಸಂಘಟನೆಯ ಒಳಗೇ ಕೆಲವರು ಹೇಳೋದುಂಟು: ಸ್ಮಶಾನಕ್ಕೆ ಜಾಗ ಇಲ್ಲ, ಹಾಸ್ಟೆಲಿನಲ್ಲಿ ಸರಿಯಾದ ಊಟ ಇಲ್ಲ, ಇವನಿಗೆ ಬೆಟ್ಟದ ಚಿಂತೆ ಅಂತ. ಜಾಗದ ಅರ್ಜಿ, ಊಟದ ಅರ್ಜಿ ಬರೆದುಕೊಡೋ ಕೈಯೂ ಇದೇ, ಗೆಳೆಯರೇ. ಅವರಿಗೆ 1934ರ ದೌಲತಾಬಾದ್ ನೆನಪಿಸ್ತೀನಿ. ಬಾಬಾಸಾಹೇಬರು ಸುಮಾರು 30 ಜನ ಸಂಗಾತಿಗಳ ಜೊತೆ ಪ್ರವಾಸ ಹೊರಟಿದ್ದರು. ವೇರೂಳಿನ ಗುಹೆಗಳನ್ನ ನೋಡೋದಿತ್ತು. ದಾರಿಯಲ್ಲಿ ನಿಜಾಮನ ಸೀಮೆಯ ಆ ಬೆಟ್ಟದ ಕೋಟೆ. ಧೂಳು ಮೆತ್ತಿದ ಮುಖವನ್ನ ಬಾಗಿಲ ಬಳಿಯ ಕೊಳದಲ್ಲಿ ತೊಳೆದುಕೊಂಡರು. ನೀರು ಮೈಲಿಗೆಯಾಯಿತು ಅಂತ ಗಲಾಟೆ ಎದ್ದಿತು. ಕೊನೆಗೆ ಕೋಟೆ ಹತ್ತಿದ್ದು ಬಂದೂಕಿನವನೊಬ್ಬನ ಕಾವಲಿನಲ್ಲಿ. ಇವರನ್ನ ಕಾಯೋಕಲ್ಲ, ಒಳಗೆ ಎಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳೋಕೆ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಮನುಷ್ಯ ಒಂದು ಬೆಟ್ಟ ನೋಡೋಕೆ ಹೋದರೆ ಹೀಗೆ. ಇದನ್ನೆಲ್ಲ ಬರೆದಿಟ್ಟ ಬರಹಕ್ಕೆ ಅವರು ಕೊಟ್ಟ ಹೆಸರು 'ವೀಸಾಗಾಗಿ ಕಾಯುತ್ತಾ'. ಸುಮ್ಮನೆ ನೋಡೋಕೆ ಅಂತ ಒಂದು ಕಡೆ ಹೋಗೋದೂ ಹಕ್ಕಿನ ಪ್ರಶ್ನೆಯೇ ಅನ್ನೋದು ಅವರಿಗೆ ಗೊತ್ತಿತ್ತು.

ಇವತ್ತು ಬಂದೂಕಿನವನು ಇಲ್ಲ ನಿಜ. ಮುಳ್ಳಯ್ಯನಗಿರಿಗೆ ಹೋಗಿ ನೋಡಿ. ನಮ್ಮ ರಾಜ್ಯದ ಅತಿ ಎತ್ತರ, 1,930 ಮೀಟರ್. ಶನಿವಾರ ಭಾನುವಾರ ಕಾರುಗಳ ಸಾಲು. ಕೆಳಗೆ ಕಾಫಿ ಎಸ್ಟೇಟಿನ ಹೋಂಸ್ಟೇಗಳಲ್ಲಿ ಬೆಟ್ಟ ಕಾಣೋ ರೂಮಿಗೆ ಬೇರೆ ರೇಟು. ಅದೇ ಎಸ್ಟೇಟಿನ ಲೈನ್ ಮನೆಯ ಬಾಗಿಲಿಂದಲೂ ಬೆಟ್ಟ ಕಾಣುತ್ತೆ. ಹಣ್ಣು ಕೊಯ್ಯೋ ತಾಯಂದಿರು ಅದನ್ನ ಮಳೆ ಬರುತ್ತಾ ಇಲ್ವಾ ಅಂತ ನೋಡೋಕೆ ಮಾತ್ರ ತಲೆ ಎತ್ತಿ ನೋಡ್ತಾರೆ.

ಈಗ ಕೆಲಸದ ಮಾತು. ಮುಂದಿನ ತಿಂಗಳ ಎರಡನೇ ಭಾನುವಾರ ಒಂದು ಹಾಸ್ಟೆಲಿನ 26 ಮಕ್ಕಳನ್ನ ಮಧುಗಿರಿ ಬೆಟ್ಟಕ್ಕೆ ಕರ್ಕೊಂಡು ಹೋಗ್ತಿದ್ದೀವಿ. 11 ಹೆಣ್ಣುಮಕ್ಕಳು, 15 ಗಂಡುಮಕ್ಕಳು, ಎಲ್ಲ ಎಂಟು ಒಂಬತ್ತನೇ ಕ್ಲಾಸು. ಇವರಿಗೆ ಯಾಕ್ರೀ ಬೆಟ್ಟ, ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕು ಅಂತ ಪರ್ಮಿಷನ್ ಕೊಡೋ ಕುರ್ಚಿಯಿಂದಲೇ ಮಾತು ಬಂತು. ಎರಡು ತಿಂಗಳು ಓಡಾಡಿ, ಮಕ್ಕಳ ಅಪ್ಪ ಅಮ್ಮಂದಿರ ಸಹಿ ಹಾಕಿಸಿ, ಪತ್ರ ತಗೊಂಡಿದ್ದೀವಿ. ಬಂಡೆ ಹತ್ತಿಸಿ ಅಭ್ಯಾಸ ಇರೋ ಇಬ್ಬರು ಗೆಳೆಯರು ಹಗ್ಗದ ಸಮೇತ ಬರ್ತಾರೆ. ಬಸ್ಸಿನ ದುಡ್ಡು ಆಗಿದೆ, ಊಟ ಒಬ್ಬ ಅಕ್ಕ ಒಪ್ಪಿಕೊಂಡಿದ್ದಾರೆ.

ಆಗದೆ ಉಳಿದಿರೋದು ಶೂ. ಬಹುತೇಕ ಮಕ್ಕಳ ಹತ್ತಿರ ಇರೋದು ಹವಾಯಿ ಚಪ್ಪಲಿ. ಆ ಬಂಡೆಯ ಮೇಲೆ ಅದು ಜಾರುತ್ತೆ. 4ನೇ ಸೈಜು 6 ಜೊತೆ, 5ನೇದು 9, 6ನೇದು 7, 7ನೇದು 4 ಬೇಕು. ಹಳೇದಾದರೂ ನಡೆಯುತ್ತೆ, ಅಡಿ ಸವೆದಿರಬಾರದು. ಲೇಸ್ ಇಲ್ಲದಿದ್ದರೆ ಪರವಾಗಿಲ್ಲ, ನಾನು ತರ್ತೀನಿ. ಕೊಡೋರು ಇನ್‌ಬಾಕ್ಸಿಗೆ ಬನ್ನಿ. ಜೈ ಭೀಮ್.