ಶೆಟ್ಟರಿಗೊಂದು ಅಂಗಡಿ

ದಸರೆಗೆ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆಗಳ ಮರ್ಯಾದೆಯೇ ಬೇರೆ. ರಾಜ ರಾಣಿಯರು ರೇಷ್ಮೆ ಉಟ್ಟು ಮೇಲಿನ ಮೆಟ್ಟಿಲಲ್ಲಿ ನಿಂತುಬಿಟ್ಟರೆ ಆಯಿತು, ಆಮೇಲೆ ಒಂಬತ್ತು ದಿನವೂ ಅವರಿಗೆ ಕೆಲಸವಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದ್ದು, ಮೈಸೂರು ಅರಮನೆಯಲ್ಲಿ ಬೊಂಬೆಗಳಿಗೆಂದೇ ಬೊಂಬೆತೊಟ್ಟಿ ಇರುವುದು, ಇವೆಲ್ಲ ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುವ ಪಾಠ. ಆದರೆ ಬೊಂಬೆ ನೋಡಲು ಬಂದ ಮಕ್ಕಳು ರಾಜನ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸೀದಾ ಕೆಳಗಿನ ಮೆಟ್ಟಿಲಿಗೆ ಬಂದು ಶೆಟ್ಟಿ ಶೆಟ್ಟಿಗಿತ್ತಿಯರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತವೆ. ರಾಜನಿಂದ ಮಕ್ಕಳಿಗೆ ಆಗಬೇಕಾದ್ದೇನು? ಪೆಪ್ಪರಮೆಂಟು ಇರುವುದು ಶೆಟ್ಟರ ಹತ್ತಿರ.

ನಮ್ಮ ಮನೆಯ ಶೆಟ್ಟಿ ದಂಪತಿಗಳು ನನ್ನ ಮದುವೆಯಾದ ವರ್ಷ ಅಮ್ಮ ಕೊಟ್ಟವರು. ಮಣ್ಣಿನ ಬೊಂಬೆಗಳು, ಕೂತ ಎತ್ತರ ಐದೂವರೆ ಅಂಗುಲ. ಮಕ್ಕಳು ಮುಟ್ಟಿ ಮುಟ್ಟಿ ಶೆಟ್ಟರ ಹೊಟ್ಟೆಯ ಬಣ್ಣ ಹೋಗಿದೆ. ಮುಂದೆ ನಾಲ್ಕು ಸ್ಟೀಲ್ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಕಡಲೆ, ಬೆಲ್ಲ ಇಟ್ಟರೆ ಅದೇ ಅವರ ಅಂಗಡಿ. ಅದಕ್ಕೆ ಗೋಡೆಯಿಲ್ಲ, ಗಲ್ಲಾ ಪೆಟ್ಟಿಗೆಯಿಲ್ಲ, ತಕ್ಕಡಿಯೂ ಇಲ್ಲ. ಇಷ್ಟು ವರ್ಷ ಹಾಗೆಯೇ ನಡೆಯಿತು. ಏಕೆಂದರೆ ನಮಗೆ ಬೀದಿಯ ತಿರುವಿನಲ್ಲಿ ನಿಜವಾದ ಅಂಗಡಿಯೇ ಇತ್ತು.

ತಿಪಟೂರಿನಲ್ಲಿ ನಮ್ಮ ಮಾವನವರು ಇಟ್ಟ ದಿನಸಿ ಅಂಗಡಿ ಅದು. ಅವರ ನಂತರ ನಮ್ಮ ಯಜಮಾನರು ಕೂತರು. ಶಾಲೆಯಲ್ಲಿ ನನಗೆ ಹೆಸರಿದ್ದರೂ ಬೀದಿಯಲ್ಲಿ ನಾನು ‘ಅಂಗಡಿ ಟೀಚರ್’. 2020ರ ಲಾಕ್‌ಡೌನಿನಲ್ಲಿ ಊರೆಲ್ಲ ಮುಚ್ಚಿದ್ದಾಗಲೂ ದಿನಸಿ ಅಂಗಡಿಯ ಬಾಗಿಲು ತೆರೆಯಲೇಬೇಕಿತ್ತು. ಸಾಮಾನು ಹೋಯಿತು, ದುಡ್ಡು ಬರಲಿಲ್ಲ. ಆಮೇಲೆ ದೊಡ್ಡ ರಸ್ತೆಯಲ್ಲಿ, ಬುಟ್ಟಿ ಹಿಡಿದು ನಾವೇ ಸಾಮಾನು ಆರಿಸಿಕೊಳ್ಳುವಂಥ ಮಳಿಗೆಯೊಂದು ಬಂತು. 2022ರಲ್ಲಿ ನಮ್ಮ ಅಂಗಡಿ ಮುಚ್ಚಿತು. ಈಗ ಆ ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಬೆಳಿಗ್ಗೆ ಆರಕ್ಕೆ ಬೀಗದ ಕೈ ಹಿಡಿದು ಹೊರಡುತ್ತಿದ್ದ ಮನುಷ್ಯ ಮನೆಯೊಳಗೇ ಉಳಿದುಬಿಟ್ಟರು. ತರಕಾರಿ ತರಲು ಕೂಡ ಆಚೆ ಹೋಗುತ್ತಿರಲಿಲ್ಲ. ಮಗಳು ಬೆಂಗಳೂರಿಗೆ ಕರೆದಳು, ಅದಕ್ಕೂ ಉತ್ತರವಿಲ್ಲ. ಗಂಡಸರು ಮಾತಾಡದೆ ಕೂತರೆ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಕೆಲವರಿಗಾದರೂ ಗೊತ್ತಿರುತ್ತದೆ.

2023ರ ಬೇಸಿಗೆ ರಜದಲ್ಲಿ ನಾನು ಬೊಂಬೆಯ ಶೆಟ್ಟರಿಗೆ ಅಂಗಡಿ ಕಟ್ಟಲು ಕೂತೆ. ಬಿ.ಎಡ್. ಓದುವಾಗ ಪಾಠೋಪಕರಣ ತಯಾರಿಸಿದ್ದಕ್ಕೇ ಅಂಕ ಕೊಡುತ್ತಿದ್ದರು. ರಟ್ಟು, ಗೋಂದು, ಕತ್ತರಿ ಕಂಡರೆ ನನ್ನ ಕೈ ಸುಮ್ಮನಿರದು. ಹೊರದೇಶಗಳಲ್ಲಿ ಬೊಂಬೆಮನೆ ಕಟ್ಟುವುದೇ ಒಂದು ಕಲೆ. ಒಂದು ಅಡಿಗೆ ಒಂದು ಅಂಗುಲ ಎಂಬುದು ಅಲ್ಲಿ ಬಹುಪಾಲು ಎಲ್ಲರೂ ಹಿಡಿಯುವ ಅಳತೆ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಣಿ ಮೇರಿಗಾಗಿ ಕಟ್ಟಿದ ಬೊಂಬೆಮನೆ ಅದೇ ಅಳತೆಯದು, ಇಂದಿಗೂ ವಿಂಡ್ಸರ್ ಕೋಟೆಯಲ್ಲಿದೆ. ನಮ್ಮ ಶೆಟ್ಟರ ಹೊಟ್ಟೆ ಆ ಅಳತೆಗೆ ಹಿಡಿಸುವುದಿಲ್ಲ! ಕೂತ ಮನುಷ್ಯ ಸುಮಾರು ಮೂವತ್ತಮೂರು ಅಂಗುಲ ಎಂದಿಟ್ಟುಕೊಂಡರೆ ನಮ್ಮವರಿಗೆ ಬೇಕಾದ್ದು ಒಂದು ಅಡಿಗೆ ಎರಡು ಅಂಗುಲ, ಅಂದರೆ ಆರರಲ್ಲಿ ಒಂದು ಪಾಲು. ಹತ್ತಡಿ ಅಗಲದ ಅಂಗಡಿ ಇಪ್ಪತ್ತು ಅಂಗುಲಕ್ಕೆ ಇಳಿಯಿತು. ಬಟ್ಟೆ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆ ಅದಕ್ಕೆ ಸರಿಹೋಯಿತು.

ಬೆಂಕಿಪೊಟ್ಟಣವನ್ನು ಇಂಥ ಕೆಲಸಕ್ಕೆಂದೇ ಮಾಡಿದ್ದಾರೇನೋ ಎನ್ನಿಸುತ್ತದೆ. ಬಹಳ ವರ್ಷ ಒಂದು ರೂಪಾಯಿ ಇದ್ದದ್ದು 2021ರ ಡಿಸೆಂಬರಿನಲ್ಲಿ ಎರಡಾಯಿತು, ಆದರೂ ಎರಡು ರೂಪಾಯಿಗೆ ಎಳೆದು ಮುಚ್ಚುವ ಖಾನೆ ಬೇರೆಲ್ಲಿ ಸಿಗುತ್ತದೆ? ಸಾಲಿಗೆ ನಾಲ್ಕರಂತೆ ಆರು ಸಾಲು, ಒಟ್ಟು ಇಪ್ಪತ್ತನಾಲ್ಕು ಪೊಟ್ಟಣಗಳನ್ನು ಅಂಟಿಸಿದೆ. ಮಸಾಲೆ ಸಾಮಾನಿನ ಖಾನೆಗಳಾದವು. ಹಿಡಿಗೆ ಒಂದೊಂದು ಕರಿಮಣಿ. ಸೋಡಾ ಬಾಟಲಿಯ ಎರಡು ಮುಚ್ಚಳ, ಪೊರಕೆ ಕಡ್ಡಿ, ದಾರ ಸೇರಿ ತಕ್ಕಡಿ. ಕಾಂಪೌಂಡರ್ ಕೊಟ್ಟ ಖಾಲಿ ಇಂಜೆಕ್ಷನ್ ಸೀಸೆಗಳನ್ನು ಕುದಿಸಿ ತೊಳೆದು ಬಣ್ಣದ ಮಣಿ ತುಂಬಿದರೆ ಪೆಪ್ಪರಮೆಂಟಿನ ಭರಣಿ. ಎರಡು ಪಾಲು ಮೈದಾ, ಒಂದು ಪಾಲು ಪುಡಿ ಉಪ್ಪು, ಒಂದು ಪಾಲು ನೀರು ಕಲಸಿ, ಕಾಫಿ ಡಿಕಾಕ್ಷನ್ ಬಣ್ಣ ಕೊಟ್ಟು ಒಣಗಿಸಿದರೆ ಅಚ್ಚುಬೆಲ್ಲ. ತಿಪಟೂರಿನ ಅಂಗಡಿಯಲ್ಲಿ ಕೊಬ್ಬರಿ ಇಲ್ಲದಿದ್ದರೆ ಹೇಗೆ? ಅಂಟುವಾಳದ ಕಾಯಿಯನ್ನು ಹೋಳು ಮಾಡಿ ಒಳಗೆ ಸುಣ್ಣ ಬಳಿದೆ. ತದ್ರೂಪು ಗಿಟಕು ಕೊಬ್ಬರಿ.

ತೊಂದರೆ ಕೊಟ್ಟದ್ದು ದವಸ. ಅಂಗಡಿ ಚಿಕ್ಕದಾದರೂ ನಿಜವಾದ ಕಡಲೆಕಾಳು ತನ್ನ ಗಾತ್ರ ಬಿಡುವುದಿಲ್ಲ. ಶೆಟ್ಟರ ಮುಂದೆ ಅದು ಲಿಂಬೆಹಣ್ಣಿನಂತೆ ಕಾಣುತ್ತದೆ. ಹಾಗಾಗಿ ಕಡಲೆಕಾಳಿನ ಬದಲು ರಾಗಿ, ಅಕ್ಕಿಯ ಬದಲು ದಪ್ಪ ರವೆ, ಹೆಸರುಕಾಳಿಗೆ ಗಸಗಸೆ, ಕಲ್ಲುಪ್ಪಿಗೆ ಪುಡಿ ಉಪ್ಪು. ಕೋರಾ ಬಟ್ಟೆಯನ್ನು ಟೀ ನೀರಿನಲ್ಲಿ ಅದ್ದಿ ಹೊಲಿದ ಚೀಲಗಳಿಗೆ ಮುಕ್ಕಾಲು ಪಾಲು ಕಾಗದ ತುರುಕಿ, ಮೇಲೆ ಮಾತ್ರ ಕಾಳು ಹರಡಿದೆ. ಹುಳು ಬಾರದಂತೆ ಒಂದೊಂದು ತುಂಡು ಬಜೆ ಒಳಗಿಟ್ಟೆ.

ಇಷ್ಟಾಗುವವರೆಗೂ ನಮ್ಮವರು ತುಟಿ ಬಿಚ್ಚಿರಲಿಲ್ಲ. ಒಂದು ಮಧ್ಯಾಹ್ನ ಉಪ್ಪಿನ ಚೀಲವನ್ನು ಎಲ್ಲಿಡಲಿ ಎಂದು ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದೆ. ಬೆನ್ನ ಹಿಂದಿನಿಂದ ಮಾತು ಬಂತು: “ಉಪ್ಪು ಬಾಗಿಲಾಚೆ ಇಡಬೇಕು ಕಣೇ.”

“ಆಚೆ ಇಟ್ಟರೆ ಕಳವಾಗಲ್ವೇ?”

“ಉಪ್ಪನ್ನ ಯಾರು ಕದೀತಾರೆ? ಒಳಗಿಟ್ಟರೆ ನೀರು ಬಿಟ್ಟು ಪಕ್ಕದ ಚೀಲ ಕೆಡುತ್ತೆ. ಮತ್ತೆ ಆ ಚೀಲದ ಬಾಯಿ ಹೊರಗಡೆಗೆ ಸುತ್ತು. ನೆಟ್ಟಗೆ ನಿಂತಿದ್ರೆ ಗಿರಾಕಿ ಕೈ ಹಾಕಿ ನೋಡೋದು ಹೇಗೆ?” ಎಂದು ತಾವೇ ಕೂತು ಎಲ್ಲ ಚೀಲಗಳ ಬಾಯಿಯನ್ನೂ ಸುತ್ತಿಟ್ಟರು.

ಅಂದಿನಿಂದ ನಾನು ಕೂಲಿ, ಅವರು ಮೇಸ್ತ್ರಿ. ಅಂಗಡಿಯವರ ಹೆಂಡತಿಯಾಗಿ ಇಷ್ಟು ವರ್ಷ ಕಳೆದು ನಾನು ಕೇಳಿರದ ಸಂಗತಿಗಳು ಆ ರಟ್ಟಿನ ಪೆಟ್ಟಿಗೆಯ ಮುಂದೆ ಹೊರಬಂದವು. ಲಕ್ಷ್ಮೀ ಪಟವನ್ನು ಅಷ್ಟು ಮುಂದಕ್ಕೆ ಬಾಗಿಸಿ ಹಾಕುತ್ತಿದ್ದದ್ದು ಭಕ್ತಿಗೆ ಮಾತ್ರವಲ್ಲ, ಬೆನ್ನು ತಿರುಗಿಸಿದಾಗ ಬಾಗಿಲಿಗೆ ಯಾರು ಬಂದರೆಂದು ಗಾಜಿನಲ್ಲಿ ಕಾಣಲಿ ಎಂದು. ಮಾವನವರು ಸೇರಿನಲ್ಲಿ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದೇ ಎಣಿಕೆ ಶುರುಮಾಡುತ್ತಿದ್ದರು. 1958ರಿಂದ ಹಂತ ಹಂತವಾಗಿ ಕಿಲೋ ತೂಕ ಬಂದಾಗ, 933 ಗ್ರಾಮಿನ ಸೇರಿಗೆ ಒಗ್ಗಿದ ಹೆಂಗಸರು “ಕಿಲೋನೂ ಬೇಡ ಗಿಲೋನೂ ಬೇಡ, ಒಂದು ಸೇರು ಕೊಡಿ” ಎಂದು ಜಗಳವಾಡುತ್ತಿದ್ದರಂತೆ. ಇದನ್ನೆಲ್ಲ ಹೇಳುವಾಗ ಅವರ ಧ್ವನಿ ಮೊದಲಿನಂತಾಗುತ್ತಿತ್ತು. ನಾನು ಗೋಂದು ಒಣಗಿದ್ದರೂ ಒಣಗಿಲ್ಲವೆಂದು ಹೇಳಿ ಇನ್ನಷ್ಟು ಹೊತ್ತು ಕೂರಿಸುತ್ತಿದ್ದೆ.

ಕೊನೆಗೆ ಖಾತೆ ಪುಸ್ತಕ. ಎರಡಂಗುಲ ಉದ್ದ, ಒಂದಂಗುಲ ಅಗಲ. ಕೆಂಪು ಕುಪ್ಪಸದ ಚೂರಿನ ಹೊದಿಕೆ. ಅದನ್ನು ಅಂಗೈ ಮೇಲಿಟ್ಟು ನೋಡಿದವರೇ “ಇದೊಂದು ಬೇಡ” ಎಂದು ಎದ್ದು ಒಳಗೆ ಹೋದರು.

ರಾತ್ರಿ ಊಟವಾದ ಮೇಲೆ ತಾವಾಗಿ ಹೇಳಿದರು. ನಿಜವಾದ ಪುಸ್ತಕದಲ್ಲಿ ಇನ್ನೂ 1,86,000 ರೂಪಾಯಿ ಬಾಕಿ ಇತ್ತು. ಅವರನ್ನು ಮನೆಯೊಳಗೆ ಕೂರಿಸಿದ್ದು ಆ ಹಣದ ಚಿಂತೆಯಲ್ಲ. “ನಾನು ಎದುರಿಗೆ ಬಂದ್ರೆ ಕೊಡಬೇಕಾದೋರು ರಸ್ತೆ ಆಚೆಗೆ ಹೋಗ್ತಾರೆ. ಗಂಡಸರು ಹೋಗ್ಲಿ, ಹೆಂಗಸರು ಚೀಲ ಹೊತ್ಕೊಂಡು ಬಿಸಿಲಲ್ಲಿ ಸುತ್ತು ಹಾಕ್ಕೊಂಡು ಹೋಗೋದು ನೋಡಕ್ಕಾಗಲ್ಲ. ನಾನು ಮನೇಲಿದ್ರೆ ಎಲ್ಲರಿಗೂ ನೆಮ್ಮದಿ.” ಅಂಗಡಿ ಹೋದ ದುಃಖಕ್ಕೆ ಔಷಧ ಏನೆಂದು ನಾನು ಯೋಚಿಸಿಟ್ಟುಕೊಂಡಿದ್ದೆ. ಈ ಮಾತಿಗೆ ನನ್ನ ಬಳಿ ಏನೂ ಇರಲಿಲ್ಲ. ಪುಸ್ತಕವನ್ನು ಮಾತ್ರ ಗಲ್ಲಾ ಪೆಟ್ಟಿಗೆಯ ಮೇಲೆ ಇಟ್ಟೆ, ಹಾಳೆಗಳನ್ನು ಖಾಲಿ ಬಿಟ್ಟು. ಅವರು ನೋಡಿದರು, ತೆಗೆಯಲಿಲ್ಲ.

ಆ ನವರಾತ್ರಿಯಲ್ಲಿ ನಮ್ಮ ಪಟ್ಟದ ಬೊಂಬೆಗಳನ್ನು ಕೇಳುವವರಿರಲಿಲ್ಲ. ಬೊಂಬೆ ಬಾಗಿನ ಕೈಯಲ್ಲಿ ಹಿಡಿದ ಮಕ್ಕಳೆಲ್ಲ ಅಂಗಡಿಯ ಮುಂದೆ. ಐದನೆಯ ಸಂಜೆ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ಮಗನನ್ನು ಕರೆದುಕೊಂಡು ಅರಿಶಿನ ಕುಂಕುಮಕ್ಕೆ ಬಂದಳು. ಹುಡುಗ ನೋಡಿದವನೇ “ಅಮ್ಮಾ, ಇದು ಅಂಗಡಿ ತಾತನ ಅಂಗಡಿ!” ಎಂದು ಕೂಗಿದ. ಅವಳು ಬಹಳ ಹೊತ್ತು ನೋಡುತ್ತಾ ನಿಂತಳು. ಆಮೇಲೆ ಕುರ್ಚಿಯಲ್ಲಿದ್ದ ನಮ್ಮವರತ್ತ ತಿರುಗಿ, “ಅಣ್ಣ, ನಮ್ಮ ಲೆಕ್ಕ ಎಷ್ಟಿದೆ?” ಎಂದಳು.

“ಬೊಂಬೆ ಅಂಗಡೀಲಿ ಬಾಕಿ ಇಲ್ಲಮ್ಮ. ನೋಡು, ಪುಸ್ತಕ ಖಾಲಿ.”

“ಬೊಂಬೆದಲ್ಲ ಅಣ್ಣ, ನಿಜವಾದ ಅಂಗಡೀದು ಕೇಳ್ದೆ. ಎಷ್ಟು ಅಂತ ಹೇಳ್ಬಿಡಿ. ಎಷ್ಟು ಅಂತ ಗೊತ್ತಿಲ್ಲದೆ ನಿಮ್ಮನೆ ಮುಂದೆ ಓಡಾಡಕ್ಕೆ ಇನ್ನೂ ಕಷ್ಟ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಪುಸ್ತಕ ನೋಡದೆಯೇ ಹೇಳಿದರು: “ಎರಡು ಸಾವಿರದ ಮುನ್ನೂರ ನಲವತ್ತು.”

“ತಿಂಗಳಿಗೆ ಇನ್ನೂರು ಕೊಡ್ತೀನಿ.”

“ಆಗಲಮ್ಮ.”

ಮುಗಿದದ್ದು ಅಷ್ಟೇ ಮಾತು. ನಾನು ಕುಂಕುಮ ಕೊಟ್ಟೆ, ಅವಳು ಹೋದಳು. ಮರುದಿನ ಬೆಳಿಗ್ಗೆ ನಮ್ಮವರು ಅಡಿಗೆಮನೆ ಬಾಗಿಲಲ್ಲಿ ನಿಂತು, “ತರಕಾರಿ ಚೀಲ ಎಲ್ಲಿಟ್ಟಿದ್ದೀಯೆ?” ಎಂದರು. ಕೊಟ್ಟೆ. ಬದನೆಕಾಯಿ ಹುಳುಕಿತ್ತು, ನಾನು ಮಾತಾಡಲಿಲ್ಲ.

ಆಕೆ ಹನ್ನೊಂದು ತಿಂಗಳು ಇನ್ನೂರರಂತೆ, ಹನ್ನೆರಡನೆಯ ತಿಂಗಳು ನೂರ ನಲವತ್ತು ಕೊಟ್ಟು 2024ರ ದಸರೆಯ ಹೊತ್ತಿಗೆ ಲೆಕ್ಕ ತೀರಿಸಿದಳು. ಸುದ್ದಿ ಹೇಗೆ ಹರಡಿತೋ, ಇನ್ನೂ ನಾಲ್ಕೈದು ಮನೆಯವರು ಬಂದು ತಮ್ಮ ಲೆಕ್ಕ ಕೇಳಿಕೊಂಡು ಹೋದರು. ದೊಡ್ಡ ಮೊತ್ತದವರು ಬರಲಿಲ್ಲ. ಬಾಕಿಯ ಬಹುಪಾಲು ಪುಸ್ತಕದಲ್ಲೇ ಇದೆ, ಅಲ್ಲೇ ಇರುತ್ತದೆಂದು ನಮ್ಮಿಬ್ಬರಿಗೂ ಗೊತ್ತು. ಆದರೆ ಈಗ ಅವರು ಸಂತೆಗೆ ಹೋಗುತ್ತಾರೆ. ಯಾರಾದರೂ ರಸ್ತೆ ದಾಟಲು ನೋಡಿದರೆ ತಾವೇ ಕೂಗಿ, “ಮಕ್ಕಳು ಚೆನ್ನಾಗಿದ್ದಾರೇನಮ್ಮ?” ಎಂದು ಕೇಳುತ್ತಾರಂತೆ. ಕೇಳಿಸಿಕೊಂಡವರು ನಿಲ್ಲಲೇಬೇಕಲ್ಲ!

ಹಬ್ಬ ಮುಗಿದ ಮೇಲೆ ಅಂಗಡಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತೇವೆ. ವರ್ಷಕ್ಕೊಂದು ಸಾಮಾನು ಹೆಚ್ಚಾಗುತ್ತಿದೆ. ಮುಂದಿನ ಸಲ ಹೊರಗೆ ಒಂದು ಬೆಂಚು ಬೇಕಂತೆ, ಏನನ್ನೂ ಕೊಳ್ಳದೆ ಸುಮ್ಮನೆ ಕೂತು ಪೇಪರ್ ಓದುವವರಿಗೆ. ಶಾಲೆಯ ಮಕ್ಕಳಿಗೆ ಐಸ್‌ಕ್ರೀಮ್ ಕಡ್ಡಿ ಬಿಸಾಡಬೇಡಿ ಎಂದು ಹೇಳಿದ್ದೇನೆ. ಹದಿನಾಲ್ಕು ಸೇರಿವೆ.