ಕಸವುಳಿಸದ ಕೈ

ಅಡಿಗೆಯ ರುಚಿಯನ್ನು ಹೊಗಳುವವರು ಬಹುಮಂದಿ; ಸೀದು ತಳ ಹಿಡಿದ ಪಾತ್ರೆಯನ್ನು ತಿಕ್ಕುವವರ ಶ್ರಮವನ್ನು ನೆನೆಯುವವರು ವಿರಳ. ರಸಾಯನ ಕಾರ್ಖಾನೆಗಳ ವಿಷಯದಲ್ಲಿಯೂ ಲೋಕದ ರೀತಿ ಇದೇ. ಬಣ್ಣ, ಔಷಧ, ನೂಲು ಇವು ಮನೆಮನೆಗೂ ಬರುತ್ತವೆ. ಇವನ್ನು ಮಾಡುವಾಗ ಉಳಿದ ಕಸವೆಲ್ಲಿ ಹೋಯಿತೆಂದು ಕೇಳುವವರಿಲ್ಲ.

ಒಂದು ನಿದರ್ಶನವನ್ನು ನೋಡಬಹುದು. ಬಣ್ಣಗಳಿಗೆ ಮೂಲವಾದ ಅನಿಲೀನನ್ನು ನೈಟ್ರೋಬೆಂಜೀನಿನಿಂದ ಪಡೆಯಲು ಕಬ್ಬಿಣದ ಪುಡಿಯನ್ನೂ ಆಮ್ಲವನ್ನೂ ಬಳಸುವ ಕ್ರಮವನ್ನು ಫ್ರಾನ್ಸಿನ ಬೆಷಾಂಪನು 1854ರಲ್ಲಿ ತೋರಿಸಿಕೊಟ್ಟನು. ವರ್ಣೋದ್ಯಮಕ್ಕೆ ಅದು ಮಹೋಪಕಾರವಾಯಿತು. ಆದರೆ ಈ ಕಾರ್ಯಕ್ಕೆ ನಿಜವಾಗಿ ಬೇಕಾದದ್ದು ಕಬ್ಬಿಣವಲ್ಲ, ಅದರಲ್ಲಿರುವ ಇಲೆಕ್ಟ್ರಾನುಗಳು. ಕಬ್ಬಿಣವು ಅವನ್ನು ಹೊತ್ತು ತಂದ ಕೂಲಿಯಾಳು ಮಾತ್ರ. ಹೊರೆಯಿಳಿಸಿದ ಮೇಲೂ ಈ ಆಳು ಮನೆ ಬಿಟ್ಟು ಹೋಗುವುದಿಲ್ಲ. ತುಕ್ಕಿನ ಕೆಸರಾಗಿ ಅಲ್ಲಿಯೇ ಕುಳಿತುಬಿಡುತ್ತಾನೆ.

ಹಾಗಾದರೆ ಕೂಲಿಯಾಳಿಲ್ಲದೆ ಹೊರೆಯನ್ನು ತರಿಸಬಾರದೆ? ತರಿಸಬಹುದು. ತಂತಿಯ ಮೂಲಕ ಬರುವ ವಿದ್ಯುತ್ತು ಇಲೆಕ್ಟ್ರಾನುಗಳ ಪ್ರವಾಹವೇ ಅಲ್ಲವೆ? ಜರ್ಮನಿಯ ಕೋಲ್ಬೆಯು ವಿನೆಗರಿನ ಆಮ್ಲದ ಲವಣದ ದ್ರಾವಣದಲ್ಲಿ ವಿದ್ಯುತ್ತನ್ನು ಹರಿಯಿಸಿ ಕಂಡುದನ್ನು 1849ರಲ್ಲಿ ಪ್ರಕಟಿಸಿದನು. ಧನಧ್ರುವದಲ್ಲಿ ಇಂಗಾಲದ ಡೈಆಕ್ಸೈಡು ಹೊರಟಿತು. ಉಳಿದ ತುಣುಕುಗಳು ಎರಡೆರಡಾಗಿ ಕೂಡಿ ಈಥೇನ್ ಅನಿಲವಾದುವು. ಕೋಲ್ಬೆಯು ಅದನ್ನು ಮೀಥೈಲೆಂದೇ ಬಗೆದಿದ್ದನು. ಹೆಸರು ತಪ್ಪಿದರೂ ದಾರಿ ತಪ್ಪಲಿಲ್ಲ.

ಈ ದಾರಿಯು ಹೆದ್ದಾರಿಯಾಗಲು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅಮೆರಿಕದ ಮಾನ್ಸಾಂಟೋ ಸಂಸ್ಥೆಯಲ್ಲಿದ್ದ ಮ್ಯಾನ್ಯುಯೆಲ್ ಬೈಜರನು ಅಕ್ರಿಲೋನೈಟ್ರೈಲಿನ ಎರಡು ಅಣುಗಳನ್ನು ಋಣಧ್ರುವದಲ್ಲಿ ಬೆಸೆದು ಅಡಿಪೋನೈಟ್ರೈಲನ್ನು ಪಡೆಯಲೆತ್ನಿಸಿದನು. ನೈಲಾನ್ ನೂಲಿಗೆ ಬೇಕಾದ ಎರಡು ಮುಖ್ಯ ದ್ರವ್ಯಗಳಲ್ಲಿ ಒಂದನ್ನು ಅದರಿಂದ ಮಾಡುತ್ತಾರೆ. ಅಲ್ಲಿ ನೀರೇ ವಿಘ್ನವಾಗಿತ್ತು. ನೀರಿನ ಜಲಜನಕವು ಬೇಗನೆ ದೊರೆತರೆ ಅಣುವು ಜೊತೆಯನ್ನರಸದೆ ಒಂಟಿಯಾಗಿಯೇ ತೃಪ್ತಿಗೊಂಡು ಪ್ರೊಪಿಯೋನೈಟ್ರೈಲ್ ಆಗಿಬಿಡುತ್ತದೆ. ಬೈಜರನು ಚತುರ್ಥ ಅಮೋನಿಯಂ ಲವಣಗಳನ್ನು ಬಳಸಿದನು. ಅವು ಧ್ರುವದ ಮೈಯನ್ನು ಮುಸುಕಿ ನೀರನ್ನು ದೂರವಿಟ್ಟುವು. ಎರಡಣುಗಳು ಕೂಡಲು ಅವಕಾಶವಾಯಿತು. 1965ರಲ್ಲಿ ಅಲಬಾಮಾ ಪ್ರಾಂತದ ಡೆಕೇಟರಿನಲ್ಲಿ ಈ ಕ್ರಮದ ಕಾರ್ಖಾನೆ ನಡೆಯತೊಡಗಿತು. ವಿದ್ಯುತ್ತು ಎಷ್ಟೇ ಸಮರ್ಥವಾದರೂ ಅದು ಕೆಲಸ ಮಾಡುವ ಸ್ಥಳವನ್ನು ಹದಗೊಳಿಸದೆ ಫಲವಿಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನು ವೆಚ್ಚದ ಮಾತು. ಫ್ಯಾರಡೆಯು ಕಂಡ ನಿಯಮದಂತೆ, ಒಂದು ಕಿಲೋಗ್ರಾಂ ಅಡಿಪೋನೈಟ್ರೈಲಿಗೆ ಕನಿಷ್ಠ ಪಕ್ಷ ಸುಮಾರು 496 ಆಂಪಿಯರ್-ಗಂಟೆಗಳಷ್ಟು ವಿದ್ಯುತ್ತು ಹರಿಯಲೇಬೇಕು. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ. ಚೌಕಾಸಿಯಿರುವುದು ವೋಲ್ಟಿನಲ್ಲಿ. ಕೋಶವು 4 ವೋಲ್ಟಿನಲ್ಲಿ ನಡೆದರೆ ಸುಮಾರು 2 ಯೂನಿಟ್ಟು ಸಾಕು. 8 ವೋಲ್ಟು ಬೇಡಿದರೆ 4 ಯೂನಿಟ್ಟು ತೆರಬೇಕು. ಧ್ರುವಗಳ ನಡುವಣ ಅಂತರವನ್ನು ಕೂದಲೆಳೆಯಷ್ಟು ಕಿರಿದುಮಾಡಲು ಶಾಸ್ತ್ರಜ್ಞರು ಹೆಣಗುವುದು ಇದಕ್ಕಾಗಿಯೇ.

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ತಂತಿಯಲ್ಲಿ ಬರುವ ಇಲೆಕ್ಟ್ರಾನು ತಾನಾಗಿ ಕಸವನ್ನುಳಿಸದು, ನಿಜ. ಆದರೆ ಆ ತಂತಿಯ ಆಚೆಯ ತುದಿಯಲ್ಲಿ ಕಲ್ಲಿದ್ದಲು ಉರಿಯುತ್ತಿದ್ದರೆ? ಆಗ ಕಬ್ಬಿಣದ ಕೆಸರು ಈ ಊರಿನಲ್ಲಿ ತಪ್ಪಿತು. ಬೂದಿಯೂ ಹೊಗೆಯೂ ಬೇರೊಂದೂರಿನ ಪಾಲಾದುವು. ಮನೆಯ ಕಸವನ್ನು ಗುಡಿಸಿ ನೆರೆಯವರ ಅಂಗಳಕ್ಕೆ ತಳ್ಳುವುದನ್ನು ಯಾರೂ ಶುಚಿತ್ವವೆನ್ನರು. ಬೀಳುವ ನೀರು, ಬೀಸುವ ಗಾಳಿ, ಬೆಳಗುವ ಸೂರ್ಯ ಇವುಗಳಿಂದ ಪಡೆದ ವಿದ್ಯುತ್ತು ಕೋಶವನ್ನು ಹೊಕ್ಕಾಗಲೇ ಈ ವಿದ್ಯೆಯ ಹೊಗಳಿಕೆಗೆ ಅರ್ಥ ಬರುವುದು. ಆದುದರಿಂದ ಹೊಸ ಕಾರ್ಖಾನೆಯೊಂದನ್ನು ನಿರ್ಮಲವೆಂದು ಯಾರಾದರೂ ಕೊಂಡಾಡಿದಾಗ, ವಿವೇಕಿಗಳು ಅದರ ಕೋಶವನ್ನು ನೋಡಿ ಸಂತೋಷಪಡಲಿ. ಬಳಿಕ ಅದಕ್ಕೆ ಬಂದ ತಂತಿಯನ್ನು ಹಿಡಿದು ಅದರ ಮೂಲದವರೆಗೂ ಹೋಗಿ ನೋಡಲಿ.